ಕಾಳಗ ಬೇಸರ ತರಿಸಿದರೆ: ನಿಮ್ಮ ಆಟದ ಮೇಜಿಗೆ ಯಾವ ದಾರಿ ಹೊಂದುತ್ತದೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಥರದ ರೋಲ್‌ಪ್ಲೇಯಿಂಗ್ ಆಟ, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡುತ್ತಾ, ದಾಳ ಹಾಕುತ್ತಾ ಕಥೆ ನಡೆಸುವ ಆಟ, ಆಡುವವರಿಗೆಲ್ಲ ಇದು ಗೊತ್ತಿರುವ ವಿಷಯ. ಕಥೆಯೊಳಗೆ ಪಟೇಲರ ಮನೆಯಲ್ಲಿ ಚೌಕಾಸಿ ನಡೆಯುವಾಗ, ಹಳೇ ಗುಡಿಯ ನೆಲಮಾಳಿಗೆ ಹುಡುಕುವಾಗ ಮೇಜಿನ ಸುತ್ತ ಕೂತವರೆಲ್ಲ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕಾಳಗದ ಸರದಿ ಗೊತ್ತುಮಾಡಲು "ಸರಿ, ಇನಿಷಿಯೇಟಿವ್ ಹಾಕಿ" ಅಂದ ಕೂಡಲೇ ಆ ಗದ್ದಲ ನಿಂತುಹೋಗುತ್ತದೆ. ಒಬ್ಬರು ದಾಳ ಹಾಕುತ್ತಾರೆ, ಉಳಿದವರು ಫೋನ್ ತೆಗೆಯುತ್ತಾರೆ. ಪಾತ್ರಗಳ ಜೀವಕ್ಕೇ ಕುತ್ತು ಬಂದಿರುವ ಹೊತ್ತು ಅದು. ಆಡುವವರಿಗೆ ಮಾತ್ರ ಅದೇ ಎಲ್ಲಕ್ಕಿಂತ ನಿಧಾನದ ಹೊತ್ತು.

ಇದಕ್ಕೆ ದಾರಿಗಳು ಬೇಕಾದಷ್ಟಿವೆ. ಸರದಿಯ ಕ್ರಮ ಬದಲಿಸಬಹುದು, ನಕ್ಷೆ ಹಾಕಬಹುದು, ಶತ್ರುಗಳನ್ನು ಬದಲಿಸಬಹುದು, ಆಟವನ್ನೇ ಬದಲಿಸಬಹುದು. ಆದರೆ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ಶಿವಮೊಗ್ಗದ ಹಾಸ್ಟೆಲ್ ರೂಮಿನಲ್ಲಿ ಆರು ಜನ ಒತ್ತಿಕೊಂಡು ಕೂತು ಆಡುವ ಗುಂಪಿಗೆ ಬೇಕಾದ್ದು ಒಂದು. ತೀರ್ಥಹಳ್ಳಿ ಕಡೆಯ ಮನೆಯ ಜಗಲಿಯಲ್ಲಿ ಅಣ್ಣ, ತಂಗಿ, ಅತ್ತೆಯ ಮಗ ಅಂತ ಮೂರೇ ಜನ ಆಡುವ ಗುಂಪಿಗೆ ಬೇಕಾದ್ದು ಇನ್ನೊಂದು. ನನ್ನ ಒಲವು ಎತ್ತ ಅಂತ ಮೊದಲೇ ಹೇಳಿಬಿಡುತ್ತೇನೆ. ನಿಯಮ ಮುಟ್ಟುವ ಮೊದಲು ಕಾಳಗದ ಕಾರಣ ಮತ್ತು ಕಾಳಗದ ಜಾಗ ಸರಿಮಾಡಿ. ಅದಕ್ಕೆ ಕಾಸು ಬೇಡ, ಹೊಸ ಪುಸ್ತಕವೂ ಬೇಡ.

ಹೋಲಿಸಲು ಒಂದು ಕಾಳಗ

ಎಲ್ಲ ದಾರಿಗಳನ್ನೂ ಒಂದೇ ಕಾಳಗದ ಮೇಲೆ ಇಟ್ಟು ನೋಡೋಣ. ಕಾಲ 17ನೇ ಶತಮಾನ, ಜಾಗ ಕೆಳದಿ ನಾಯಕರ ಸೀಮೆ. ಘಟ್ಟದ ಮೇಲಿನ ಕಾಳುಮೆಣಸು ಕರಾವಳಿಯ ಬಂದರಿಗೆ ಇಳಿದು ಪೋರ್ಚುಗೀಸರ ಹಡಗು ಸೇರುತ್ತಿದ್ದ ಕಾಲ. ನಾಲ್ವರು ಆಟಗಾರರು ಮೆಣಸಿನ ಹೇರೆತ್ತುಗಳ ಕಾವಲಿಗೆ ಹೊರಟಿದ್ದಾರೆ. ದಾರಿಯಲ್ಲಿ ಒಂದು ಹಳ್ಳ, ಅದರ ಮೇಲೆ ಮರದ ದಿಮ್ಮಿಯ ಸಂಕ. ಅಲ್ಲಿ ಎಂಟು ಜನ ದರೋಡೆಕೋರರು ಅಡ್ಡ ಹಾಕುತ್ತಾರೆ.

ಡಿ ಅಂಡ್ ಡಿಯ ಐದನೇ ಆವೃತ್ತಿ 2014ರಲ್ಲಿ ಬಂತು. ಅದರಲ್ಲಿರುವ ಸಾದಾ ದರೋಡೆಕೋರನಿಗೆ ಆರ್ಮರ್ ಕ್ಲಾಸ್ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕಿ) 12, ಹಿಟ್ ಪಾಯಿಂಟ್ (ಬೀಳುವ ಮೊದಲು ತಡೆದುಕೊಳ್ಳುವ ಪೆಟ್ಟು) 11. ನಮ್ಮ ಆಟಗಾರರು ಇಪ್ಪತ್ತು ಮುಖದ ದಾಳಕ್ಕೆ 5 ಸೇರಿಸಿಕೊಂಡು ಹೊಡೆಯುತ್ತಾರೆ ಅಂದುಕೊಳ್ಳಿ. ಆಗ ನೂರಕ್ಕೆ 70 ಏಟು ತಾಗುತ್ತವೆ. ಎಂಟು ಮುಖದ ದಾಳಕ್ಕೆ 3 ಸೇರಿಸಿದರೆ ಒಂದು ಏಟಿಗೆ ಸರಾಸರಿ 7.5 ಪೆಟ್ಟು. ಅಂದರೆ ಒಬ್ಬನನ್ನು ಉರುಳಿಸಲು ಹೆಚ್ಚುಕಮ್ಮಿ ಎರಡು ಏಟು ತಾಗಬೇಕು. ಎಂಟು ಜನಕ್ಕೆ 16 ಏಟು. ತಪ್ಪಿದ್ದನ್ನೂ ಸೇರಿಸಿದರೆ 23 ಸಲ ದಾಳ ಹಾಕಬೇಕು. ನಾಲ್ಕು ಜನ ಹಂಚಿಕೊಂಡರೆ ಸುಮಾರು ಆರು ರೌಂಡ್ (ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ರೌಂಡ್).

ಒಬ್ಬ ಆಟಗಾರನಿಗೆ ಎರಡು ನಿಮಿಷ, ಎಂಟು ದರೋಡೆಕೋರರನ್ನು ಆಡಿಸುವ ಡಿಎಂಗೆ ನಾಲ್ಕು ನಿಮಿಷ ಅಂತ ಲೆಕ್ಕ ಹಾಕಿ. ಒಂದು ರೌಂಡಿಗೆ 12 ನಿಮಿಷ, ಒಟ್ಟು 72 ನಿಮಿಷ. ಆಟದೊಳಗೆ ಒಂದು ರೌಂಡ್ ಅಂದರೆ ಆರು ಸೆಕೆಂಡ್. 36 ಸೆಕೆಂಡಿನ ಹೊಡೆದಾಟಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಕಾಯಿತು. ಅದರಲ್ಲೂ ಕೊನೆಯ ಎರಡು ರೌಂಡಿನಲ್ಲಿ ಯಾರು ಗೆಲ್ಲುತ್ತಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ನಿಮ್ಮ ಮೇಜಿನ ಬೇಸರ ಯಾವುದು?

ಪರಿಹಾರ ಆರಿಸುವ ಮೊದಲು ಬೇಸರ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ತನ್ನ ಸರದಿ ಮುಗಿದ ಕೂಡಲೇ ಫೋನ್ ಹಿಡಿಯುತ್ತಾರೆ, ಸರದಿ ಬಂದಾಗ "ಏನಾಯ್ತು ಈಗ?" ಅಂತ ಕೇಳುತ್ತಾರೆ ಅಂದರೆ ಅದು ಕಾಯುವ ಬೇಸರ. ಪ್ರತಿ ಸಲವೂ "ಮತ್ತೆ ಹೊಡೀತೀನಿ" ಅಂತ ಮಾತ್ರ ಬರುತ್ತಿದ್ದರೆ ಅವರಿಗೆ ಮಾಡಲು ಬೇರೇನೂ ಕಾಣುತ್ತಿಲ್ಲ ಅಂತ ಅರ್ಥ. ಇನ್ನು ಅರ್ಧ ಕಾಳಗದಲ್ಲೇ "ಇವರ ಹತ್ರ ದುಡ್ಡು ಎಷ್ಟಿರಬಹುದು?" ಅಂತ ಶುರುವಾದರೆ ಗೆಲುವು ಆಗಲೇ ಖಚಿತವಾಗಿದೆ, ಉಳಿದದ್ದು ಬರೀ ದಾಳದ ಕೆಲಸ.

ಮೂರಕ್ಕೂ ಮದ್ದು ಬೇರೆ. ಕಾಯುವ ಬೇಸರಕ್ಕೆ ಸುಂದರವಾದ ನಕ್ಷೆ ತಂದಿಟ್ಟರೆ ಏನೂ ಆಗುವುದಿಲ್ಲ. ಗೆಲುವು ಖಚಿತವಾದ ಕಾಳಗಕ್ಕೆ ಸರದಿಯ ಕ್ರಮ ಬದಲಿಸಿದರೂ ಅಷ್ಟೇ.

ಕಾರಣ ಬದಲಿಸುವುದು

ಎಲ್ಲರನ್ನೂ ಕೊಲ್ಲುವವರೆಗೆ ಕಾಳಗ ಮುಗಿಯದು ಅಂತ ಯಾವ ನಿಯಮವೂ ಹೇಳುವುದಿಲ್ಲ. ಆದರೂ ನಮ್ಮ ಮೇಜುಗಳಲ್ಲಿ ಹೆಚ್ಚಿನ ಕಾಳಗ ಹಾಗೇ ನಡೆಯುತ್ತವೆ. ಆ ದರೋಡೆಕೋರರಿಗೆ ಬೇಕಾದ್ದು ಏನು ಅಂತ ಯೋಚಿಸಿ. ಮೆಣಸು, ಅಲ್ವಾ? ಕಾವಲಿನವರ ಜೊತೆ ಸಾಯುವವರೆಗೆ ಹೊಡೆದಾಡಲು ಅವರಿಗೇನು ಹುಚ್ಚೇ? ಇಬ್ಬರು ಮುಂದೆ ನಿಂತು ತಡೆಯುತ್ತಾರೆ, ನಾಲ್ವರು ಹಗ್ಗ ಕೊಯ್ದು ಎತ್ತುಗಳನ್ನು ಕಾನಿನೊಳಗೆ ಅಟ್ಟುತ್ತಾರೆ, ಉಳಿದಿಬ್ಬರು ಮೇಲಿಂದ ಬಾಣ ಬಿಡುತ್ತಾರೆ. ಈಗ ಪ್ರತಿ ಆಟಗಾರನಿಗೂ ಒಂದು ಕಷ್ಟದ ಪ್ರಶ್ನೆ ಬಂತು. ಎದುರಿಗಿರುವವನನ್ನು ಹೊಡೆಯಬೇಕೋ, ಓಡುತ್ತಿರುವ ಎತ್ತಿನ ಹಿಂದೆ ಹೋಗಬೇಕೋ? ಅಂಕಿಗಳು ಅವೇ, ಆರ್ಮರ್ ಕ್ಲಾಸ್ ಅದೇ. ಕಾಳಗ ಮಾತ್ರ ಬೇರೆ.

ಕಾರಣ ಬದಲಿಸುವುದರಲ್ಲೂ ಮೂರು ಬಗೆ ಇವೆ.

ಮೊದಲನೆಯದು ಈಗ ಹೇಳಿದ್ದು: ಎರಡೂ ಕಡೆಗೆ ಕೊಲ್ಲುವುದರ ಹೊರತು ಬೇರೊಂದು ಗುರಿ ಕೊಡುವುದು. ಇದು ಎಲ್ಲ ಬಗೆಯ ಮೇಜಿಗೂ ಹೊಂದುತ್ತದೆ. ಹೊಡೆತದಲ್ಲೇ ಜಾಣತನ ತೋರಿಸಲೆಂದು ಪಾತ್ರ ಕಟ್ಟಿದವರಿಗೆ ಮಾತ್ರ ಆಗಾಗ ನೇರ ಹೊಡೆದಾಟವನ್ನೂ ಕೊಡಬೇಕು. ಅವರು ಅದಕ್ಕಾಗಿಯೇ ಕಾದಿರುತ್ತಾರೆ.

ಎರಡನೆಯದು ಗಡಿಯಾರ. 2017ರಲ್ಲಿ ಬಂದ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಒಂದು ವೃತ್ತ ಬರೆದು ಅದನ್ನು 4, 6 ಅಥವಾ 8 ಭಾಗ ಮಾಡುತ್ತಾರೆ. ಅಪಾಯ ಹತ್ತಿರ ಬಂದಂತೆಲ್ಲ ಒಂದೊಂದೇ ಭಾಗ ತುಂಬುತ್ತಾರೆ. ನಮ್ಮ ಕಾಳಗಕ್ಕೆ "ಹಳ್ಳದ ನೀರು" ಅಂತ ಆರು ಭಾಗದ ವೃತ್ತ ಬರೆದು ಮೇಜಿನ ನಡುವೆ ಇಡಿ. ರೌಂಡಿಗೊಂದು ಭಾಗ ತುಂಬಿ. ಪೂರ್ತಿ ಆದರೆ ಸಂಕ ಕೊಚ್ಚಿಹೋಗುತ್ತದೆ. ಮೇಲೆ ಕಾನಿನಲ್ಲಿ ಮಳೆ ಹೊಯ್ದರೆ ಹಳ್ಳ ಎಷ್ಟು ಬೇಗ ಏರುತ್ತದೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆ ಚೀಟಿ ಕಣ್ಣಿಗೆ ಕಾಣುತ್ತಿದ್ದರೆ ಆಟಗಾರರು ತಾವಾಗಿಯೇ ಬೇಗ ಬೇಗ ತೀರ್ಮಾನ ಮಾಡುತ್ತಾರೆ. ಪ್ರತಿ ಕಾಳಗಕ್ಕೂ ಗಡಿಯಾರ ಇಟ್ಟರೆ ಇದರ ಬಿಸಿ ಆರುತ್ತದೆ. ಹಾಗಾಗಿ ದೊಡ್ಡ ಕಾಳಗಕ್ಕೆ ಉಳಿಸಿಕೊಳ್ಳಿ.

ಮೂರನೆಯದು ಹಳೆಯದು, ನನಗೆ ತುಂಬಾ ಇಷ್ಟವಾದದ್ದು. 1981ರ ಬೇಸಿಕ್ ಡಿ ಅಂಡ್ ಡಿಯಲ್ಲಿ ಪ್ರತಿ ಶತ್ರುವಿಗೂ ಧೈರ್ಯದ ಒಂದು ಅಂಕಿ ಇತ್ತು, 2ರಿಂದ 12ರವರೆಗೆ. ಅವರ ಕಡೆ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಡಿಎಂ ಎರಡು ಆರು ಮುಖದ ದಾಳ ಹಾಕುತ್ತಾರೆ. ಮೊತ್ತ ಧೈರ್ಯಕ್ಕಿಂತ ಹೆಚ್ಚಾದರೆ ಅವರು ಓಡುತ್ತಾರೆ ಅಥವಾ ಶರಣಾಗುತ್ತಾರೆ. ನಮ್ಮ ದರೋಡೆಕೋರರ ಧೈರ್ಯ 8 ಅಂತ ಇಟ್ಟರೆ ಒಂದು ಪರೀಕ್ಷೆಯಲ್ಲಿ ಕೈಚೆಲ್ಲುವ ಸಾಧ್ಯತೆ 36ರಲ್ಲಿ 10. ಎರಡು ಪರೀಕ್ಷೆ ಸೇರಿದರೆ ಅರ್ಧಕ್ಕರ್ಧ. ಅಂದರೆ ಎರಡರಲ್ಲಿ ಒಂದು ಸಲ ಆ ಕಾಳಗ ಮೂರು ರೌಂಡಿನ ಸುಮಾರಿಗೇ ಮುಗಿಯುತ್ತದೆ. ಗೆಲುವು ಖಚಿತವಾದ ಮೇಲಿನ ಬೇಸರದ ರೌಂಡುಗಳು ಕತ್ತರಿಸಿಹೋಗುತ್ತವೆ. ಓಡಿಹೋದವನು ಮುಂದಿನ ವಾರ ಇನ್ನಷ್ಟು ಜನರನ್ನು ಕರೆದುಕೊಂಡು ಬರಬಹುದು. ಶರಣಾದವನನ್ನು ಏನು ಮಾಡಬೇಕು ಅಂತ ಆಟಗಾರರ ಗುಂಪಿನೊಳಗೇ ಜಗಳ ಹತ್ತಬಹುದು. ಎರಡು ದಾಳದಿಂದ ಇಷ್ಟು ಕಥೆ ಬೇರೆ ಯಾವ ನಿಯಮದಿಂದಲೂ ಹುಟ್ಟುವುದಿಲ್ಲ.

ಈ ಮೂರರಲ್ಲಿ ಒಂದನ್ನೇ ಆರಿಸಬೇಕು ಅಂದರೆ ಧೈರ್ಯದ ಪರೀಕ್ಷೆ ತಗೊಳ್ಳಿ. ತಯಾರಿ ಬೇಡ, ಈ ವಾರದಿಂದಲೇ ಶುರು ಮಾಡಬಹುದು.

ಜಾಗ ಬದಲಿಸುವುದು

ಖಾಲಿ ಕೋಣೆಯಲ್ಲಿ ಎದುರುಬದುರು ನಿಂತರೆ ಹೊಡೆಯುವುದು ಬಿಟ್ಟು ಇನ್ನೇನು ಮಾಡಲು ಸಾಧ್ಯ? ಆಯ್ಕೆ ಇಲ್ಲದ ಬೇಸರಕ್ಕೆ ಮದ್ದು ಜಾಗದಲ್ಲಿದೆ. ಈ ವಿಷಯದಲ್ಲಿ ನಮಗೆ ಬೇರೆಲ್ಲೂ ಹುಡುಕಬೇಕಾಗಿಲ್ಲ, ಮನೆಯಿಂದ ಹೊರಗೆ ಬಂದರೆ ಸಾಕು. ಕೆಸರು ಗದ್ದೆ, ತೋಟದ ಸುತ್ತಲಿನ ಅಗಳ, ಬಿದಿರು ಮೆಳೆ, ಪಾಚಿ ಹಿಡಿದ ಕಲ್ಲು ಮೆಟ್ಟಿಲು, ಹತ್ತು ಹೆಜ್ಜೆ ಆಚೆಗೆ ಏನೂ ಕಾಣದ ಮಂಜು.

ಜಾಗವನ್ನು ಎರಡು ರೀತಿ ಬಳಸಬಹುದು. ಒಂದು, ಅಡ್ಡಿಯಾಗಿ. ಐದನೇ ಆವೃತ್ತಿಯಲ್ಲಿ ಇದಕ್ಕೆಲ್ಲ ನಿಯಮ ಸಿದ್ಧ ಇದೆ. ಕೆಸರಿನಂಥ ಕಷ್ಟದ ನೆಲದಲ್ಲಿ 30 ಅಡಿ ಓಡುವವನು 15 ಅಡಿ ಮಾತ್ರ ಹೋಗುತ್ತಾನೆ. ಅರ್ಧ ಮರೆ ಸಿಕ್ಕರೆ ಆರ್ಮರ್ ಕ್ಲಾಸಿಗೆ 2, ಮುಕ್ಕಾಲು ಮರೆಗೆ 5 ಸೇರುತ್ತದೆ. ಮೇಲಿಂದ ಬಿದ್ದರೆ ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳದಷ್ಟು ಪೆಟ್ಟು. ಜೋರು ಮಳೆಯಲ್ಲಿ ಪಂಜು, ಬೆಂಕಿ ಆರುತ್ತವೆ. ಕಣ್ಣು, ಕಿವಿ ಎರಡಕ್ಕೂ ಸಂಬಂಧಿಸಿದ ಗ್ರಹಿಕೆಯ ಪರೀಕ್ಷೆಗೆ ಎರಡು ದಾಳ ಹಾಕಿ ಚಿಕ್ಕದನ್ನು ತಗೊಳ್ಳಬೇಕು. ಆಗುಂಬೆಯ ಆಷಾಢದಲ್ಲಿ ನಡೆಯುವ ಕಾಳಗಕ್ಕೆ ಈ ಒಂದು ನಿಯಮ ಸಾಕು.

ಎರಡು, ಅವಕಾಶವಾಗಿ. ಸಂಕದ ಮೇಲಿನ ಮರದಲ್ಲಿ ಹೆಜ್ಜೇನಿನ ಹುಟ್ಟು ಇದೆ. ಮೆಣಸಿನ ಮೂಟೆಯನ್ನು ಇಳಿಜಾರಿನಲ್ಲಿ ಉರುಳಿಸಬಹುದು. ಸಂಕದ ದಿಮ್ಮಿ ಒಂದು ಕಡೆ ಲಡ್ಡಾಗಿದೆ. ಇವನ್ನೆಲ್ಲ ಕಾಳಗ ಶುರುವಾಗುವ ಮೊದಲೇ ಬಾಯಿ ಬಿಟ್ಟು ಹೇಳಿಬಿಡಿ. ಆಟಗಾರರೇ ಕಂಡುಹಿಡಿಯಲಿ ಅಂತ ಮುಚ್ಚಿಟ್ಟರೆ ಯಾರಿಗೂ ಗೊತ್ತಾಗದೆ ಕಾಳಗ ಮುಗಿದುಹೋಗುತ್ತದೆ.

ಹೋಲಿಸಿದರೆ ಅವಕಾಶವೇ ಮೇಲು. ಬರೀ ಅಡ್ಡಿ ತುಂಬಿದರೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ಕಾಳಗ ಮತ್ತಷ್ಟು ನಿಧಾನವಾಗುತ್ತದೆ. ಒಂದು ಅಡ್ಡಿ ಇಟ್ಟರೆ ಎರಡು ಅವಕಾಶ ಇಡಿ. ಹೆಜ್ಜೇನಿಗೆ ಬಾಣ ಬಿಟ್ಟ ಆಟಗಾರನಿಗೆ ಕತ್ತಿ ಬೀಸಿದವನಿಗಿಂತ ಜಾಸ್ತಿ ಫಲ ಸಿಗಬೇಕು, ಇಲ್ಲದಿದ್ದರೆ ಮುಂದಿನ ಸಲ ಅವನು ಕತ್ತಿಯನ್ನೇ ಬೀಸುತ್ತಾನೆ. ಜೇನು ಎದ್ದರೆ ಅಲ್ಲಿರುವ ದರೋಡೆಕೋರರು ಒಂದು ರೌಂಡ್ ಪೂರ್ತಿ ಕೈಬೀಸಿಕೊಂಡು ಓಡಾಡಲಿ. ಅವರ ಮೇಲೆ ಹೊಡೆಯುವವರಿಗೆ ಅಡ್ವಾಂಟೇಜ್ ಕೊಡಿ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ತಗೊಳ್ಳಲಿ. 11 ಬೇಕಾಗಿದ್ದ ದಾಳ ಅರ್ಧ ಸಲ ತಾಗುತ್ತಿದ್ದರೆ, ಅಡ್ವಾಂಟೇಜ್ ಸಿಕ್ಕಾಗ ನಾಲ್ಕರಲ್ಲಿ ಮೂರು ಸಲ ತಾಗುತ್ತದೆ. ಆಟಗಾರರು ಅದನ್ನು ಮರೆಯುವುದಿಲ್ಲ.

ಜಾಗ ಹೊಳೆಯದಿದ್ದರೆ ಕವಲೇದುರ್ಗಕ್ಕೆ ಒಂದು ಬೆಳಿಗ್ಗೆ ಹೋಗಿಬನ್ನಿ. ಒಂದಾದ ಮೇಲೊಂದು ಹೆಬ್ಬಾಗಿಲು, ಕಲ್ಲು ಹಾಸಿದ ದಾರಿ, ಮೇಲೆ ಕೊಳ, ಗುಡಿ. ಯಾವ ಬಾಗಿಲಲ್ಲಿ ನಿಂತರೆ ಯಾರು ಕಾಣುತ್ತಾರೆ, ಎಲ್ಲಿಂದ ಕಲ್ಲು ಉರುಳಿಸಬಹುದು ಅಂತ ನೋಡಿ ಪುಸ್ತಕದಲ್ಲಿ ಗೀಚಿಕೊಳ್ಳಿ. ಒಂದು ಇಡೀ ಕ್ಯಾಂಪೇನಿಗೆ (ವಾರಗಟ್ಟಲೆ ಮುಂದುವರಿಯುವ ಕಥೆಗೆ) ಆಗುವಷ್ಟು ಕಾಳಗದ ಜಾಗ ಅಲ್ಲೇ ಸಿಗುತ್ತದೆ. ಮಳೆಗಾಲದಲ್ಲಿ ಹೋದರೆ ಇಂಬಳಕ್ಕೆ ಉಪ್ಪು ಅಥವಾ ಸುಣ್ಣ ಮರೆಯಬೇಡಿ.

ಸರದಿಯ ಕ್ರಮ: ನಾಲ್ಕು ಬಗೆ

ಕಾಯುವ ಬೇಸರ ಇರುವವರು ಇಲ್ಲಿ ನಿಧಾನವಾಗಿ ಓದಿ.

ಒಬ್ಬೊಬ್ಬರಿಗೂ ಬೇರೆ ಇನಿಷಿಯೇಟಿವ್ ಡಿ ಅಂಡ್ ಡಿಯ ಈಗಿನ ಪದ್ಧತಿ. ಇಪ್ಪತ್ತು ಮುಖದ ದಾಳಕ್ಕೆ ಚುರುಕುತನದ ಅಂಕಿ ಸೇರಿಸಿ ಒಂದು ಪಟ್ಟಿ ಮಾಡುತ್ತಾರೆ, ಕಾಳಗ ಮುಗಿಯುವವರೆಗೂ ಅದೇ ಪಟ್ಟಿ. ಯಾರ ಸರದಿಯೂ ತಪ್ಪುವುದಿಲ್ಲ ಅನ್ನುವುದು ಇದರ ದೊಡ್ಡ ಗುಣ. ಹೊಸಬರು, ಸಂಕೋಚದವರು ಇರುವ ಮೇಜಿಗೆ ಇದೇ ಸರಿ. ಆದರೆ ಆರು ಜನ ಇದ್ದರೆ ಒಂದು ಸರದಿಯಿಂದ ಮುಂದಿನ ಸರದಿಗೆ ಕಾಲು ಗಂಟೆ ಹಿಡಿಯುತ್ತದೆ.

ಬಣಕ್ಕೊಂದು ಸರದಿ 1981ರ ಬೇಸಿಕ್ ಆಟದ ಪದ್ಧತಿ. ಪ್ರತಿ ರೌಂಡಿಗೂ ಎರಡೂ ಕಡೆಯವರು ಒಂದೊಂದು ಆರು ಮುಖದ ದಾಳ ಹಾಕುತ್ತಾರೆ. ಹೆಚ್ಚು ಬಂದ ಬಣ ಮೊದಲು ಆಡುತ್ತದೆ. ನಮ್ಮ ಕಡೆಯ ನಾಲ್ವರೂ ಒಟ್ಟಿಗೆ ಯೋಚಿಸುತ್ತಾರೆ: "ನೀನು ಅವನನ್ನ ಸಂಕದ ಮೇಲೆ ತಳ್ಳು, ನಾನು ಹಗ್ಗ ಎಳೀತೀನಿ." ಕಾಯುವವರೇ ಇಲ್ಲ. ರೌಂಡಿಗೊಮ್ಮೆ ದಾಳ ಬದಲಾಗುವುದರಿಂದ ಒಂದೇ ಬಣಕ್ಕೆ ಎರಡು ಸಲ ಒಟ್ಟಿಗೆ ಆಡುವ ಅವಕಾಶವೂ ಬರುತ್ತದೆ. ಎಂಟು ದರೋಡೆಕೋರರು ಹಾಗೆ ಎರಡು ಸಲ ಮೇಲೆ ಬಿದ್ದರೆ ಮೊದಲ ಹಂತದ ಪಾತ್ರ ಉಳಿಯುವುದು ಕಷ್ಟ. ಶತ್ರುಗಳ ಸಂಖ್ಯೆ ಕಮ್ಮಿ ಮಾಡಿಕೊಂಡು ಬಳಸಿ.

ಆಡಿದವರು ಮುಂದಿನವರನ್ನು ಆರಿಸುವುದು ಮೂರನೆಯ ಬಗೆ. 2012ರ ಮಾರ್ವೆಲ್ ಹೀರೋಯಿಕ್ ಆಟದಲ್ಲಿ ಹೀಗಿತ್ತು. ಮೇಜಿನಲ್ಲಿ ಎಲ್ಲರ ಕಣ್ಣೂ ಆಟದ ಮೇಲೇ ಇರುತ್ತದೆ, ಮುಂದೆ ತನ್ನ ಹೆಸರೇ ಬರಬಹುದಲ್ಲ. ಇದರಲ್ಲಿ ಒಂದು ಒಳಗುಟ್ಟು ಇದೆ. ರೌಂಡಿನ ಕೊನೆಯಲ್ಲಿ ಆಡಿದವರು ಮುಂದಿನ ರೌಂಡನ್ನು ಯಾರು ಶುರು ಮಾಡಬೇಕು ಅಂತಲೂ ಹೇಳುತ್ತಾರೆ, ತಮ್ಮನ್ನೇ ಆರಿಸಿಕೊಳ್ಳಬಹುದು. ಶತ್ರುಗಳನ್ನೆಲ್ಲ ಕೊನೆಗೆ ಬಿಟ್ಟರೆ ಅವರು ಎರಡು ಸಲ ಸತತವಾಗಿ ಆಡಿಬಿಡುತ್ತಾರೆ. ಆಟಗಾರರಿಗೆ ಇದು ಹೊಳೆದ ಮೇಲೆ ನಡುವೆ ಬೇಕಂತಲೇ ಶತ್ರುವಿಗೆ ಸರದಿ ಕೊಡುತ್ತಾರೆ. ಆ ಲೆಕ್ಕಾಚಾರ ಕೆಲವರಿಗೆ ಖುಷಿ, ಕೆಲವರಿಗೆ ಕಿರಿಕಿರಿ.

ಸರದಿಯೇ ಇಲ್ಲದ ಬಗೆ ನಾಲ್ಕನೆಯದು. 2012ರ ಡಂಜನ್ ವರ್ಲ್ಡ್, 2025ರ ಡ್ಯಾಗರ್‌ಹಾರ್ಟ್ ಈ ದಾರಿ ಹಿಡಿದಿವೆ. ಡ್ಯಾಗರ್‌ಹಾರ್ಟ್‌ನಲ್ಲಿ ಹನ್ನೆರಡು ಮುಖದ ಎರಡು ದಾಳ, ಒಂದು ಭರವಸೆಯದು, ಒಂದು ಭಯದ್ದು. ಭಯದ ದಾಳ ದೊಡ್ಡದಾದರೆ ಅಥವಾ ಏಟು ತಪ್ಪಿದರೆ ಆಟ ಡಿಎಂ ಕೈಗೆ ಹೋಗುತ್ತದೆ. ಕಾಳಗ ಮಾತುಕತೆಯಷ್ಟೇ ಸಲೀಸಾಗಿ ಹರಿಯುತ್ತದೆ. ಆದರೆ ಜೋರು ಬಾಯಿಯವರು ಇರುವ ಮೇಜಿನಲ್ಲಿ ಮೆತ್ತಗಿನವರು ಪೂರ್ತಿ ಮರೆಯಾಗುತ್ತಾರೆ. ಡಿಎಂ ಹೆಸರು ಹಿಡಿದು ಕರೆಯಲು ತಯಾರಿದ್ದರೆ ಮಾತ್ರ ಇದಕ್ಕೆ ಹೋಗಿ.

ಐದಾರು ಜನರ ಗುಂಪಿಗೆ ಬಣದ ಸರದಿ, ಮೂರು ಜನಕ್ಕೆ ಸರದಿ ಇಲ್ಲದ್ದು, ಹೊಸಬರಿಗೆ ಪಟ್ಟಿ. ನನ್ನ ಶಿಫಾರಸು ಇದು.

ಕಾಯುವ ಬೇಸರಕ್ಕೆ ಇನ್ನೊಂದು ಕಾರಣ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ. ಸರದಿ ಬಂದಾಗ ಮಂತ್ರದ ವಿವರ ಓದಿ, ಅರ್ಥ ಮಾಡಿಕೊಂಡು, ಪಕ್ಕದವರನ್ನು ಕೇಳುವಷ್ಟರಲ್ಲಿ ಐದು ನಿಮಿಷ ಹೋಗುತ್ತದೆ. ಇದಕ್ಕೆ ಕನ್ನಡದಲ್ಲೇ ಒಂದು ಪುಟದ ಚೀಟಿ ಮಾಡಿ ಎಲ್ಲರಿಗೂ ಕೊಡಿ: ಒಂದು ಸರದಿಯಲ್ಲಿ ಏನೇನು ಮಾಡಬಹುದು, ತಳ್ಳುವುದು ಹೇಗೆ, ಅಡಗುವುದು ಹೇಗೆ, ಜೊತೆಗಾರನಿಗೆ ನೆರವಾಗುವುದು ಹೇಗೆ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ. ಮೂಲದ ಹೆಸರು ಹಾಕಿದರೆ ಅನುವಾದ ಮಾಡಿ ಹಂಚಲು ಅಡ್ಡಿಯಿಲ್ಲ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆರು ಪ್ರತಿ ತೆಗೆಸಿದರೆ ಸಾಕು. ಇದನ್ನು ಮಾಡಿ ನೋಡದೆ ಸರದಿಯ ನಿಯಮ ಬದಲಿಸಲು ಹೋಗಬೇಡಿ.

ನಕ್ಷೆಯೋ, ಚೀಟಿಯೋ, ಬರೀ ಮಾತೋ

ಚೌಕದ ನಕ್ಷೆಯಲ್ಲಿ ಒಂದು ಮನೆ ಅಂದರೆ ಐದು ಅಡಿ. ಯಾರು ಎಲ್ಲಿದ್ದಾರೆ ಅಂತ ಜಗಳವೇ ಇಲ್ಲ. ಪ್ಲಾಸ್ಟಿಕ್ ಗೊಂಬೆಗಳಿಗೆ ದುಡ್ಡು ಸುರಿಯಬೇಕಾಗಿಯೂ ಇಲ್ಲ. ಗ್ರಾಫ್ ಹಾಳೆ, ಶತ್ರುಗಳಿಗೆ ಹುಣಸೆ ಬೀಜ, ಆಟಗಾರರಿಗೆ ಬಣ್ಣದ ಗುಂಡಿ ಅಥವಾ ಗಾಂಧಿ ಬಜಾರಿನಲ್ಲಿ ಸಿಗುವ ಮಣಿ. ಲೆಕ್ಕ ಹಾಕಿ ಆಡುವವರಿಗೆ ಇದು ಬೇಕೇ ಬೇಕು. ಆದರೆ ಮನೆ ಎಣಿಸುತ್ತಾ ಕೂತರೆ ಕಾಳಗ ನಿಧಾನವಾಗುತ್ತದೆ. ಇನ್ನೊಂದು ತೊಂದರೆ, ನಕ್ಷೆಯಲ್ಲಿ ಬರೆಯದ ವಸ್ತು ಆಟಗಾರರ ಮನಸ್ಸಿನಿಂದಲೂ ಮಾಯವಾಗುತ್ತದೆ.

ಬರೀ ಮಾತಿನ ಕಾಳಗ ಬೇಗ ಸಾಗುತ್ತದೆ. ಮೂರು ನಾಲ್ಕು ಶತ್ರುಗಳವರೆಗೆ ಚೆನ್ನ. ಎಂಟು ಜನ ಆದರೆ ಯಾರು ಎಲ್ಲಿ ಅಂತ ಗೋಜಲು.

ಇವೆರಡರ ನಡುವೆ ಫೇಟ್ ಆಟದಿಂದ ಬಂದ ವಲಯಗಳ ಪದ್ಧತಿ ಇದೆ, ನನಗೆ ಇದೇ ಮೆಚ್ಚು. ನಾಲ್ಕು ಚೀಟಿಯಲ್ಲಿ ಈಚೆ ದಡ, ಸಂಕ, ಹಳ್ಳ, ಆಚೆ ದಡ ಅಂತ ಬರೆದು ಮೇಜಿನ ಮೇಲಿಡಿ. ಒಂದು ಚೀಟಿಯೊಳಗೆ ಎಲ್ಲರೂ ಕೈಗೆಟಕುವ ದೂರದಲ್ಲಿದ್ದಾರೆ. ಪಕ್ಕದ ಚೀಟಿಗೆ ಹೋಗಲು ಒಂದು ಓಟ. ಚೀಟಿಯ ಮೇಲೇ "ಕೆಸರು", "ಹೆಜ್ಜೇನು" ಅಂತ ಬರೆದುಬಿಟ್ಟರೆ ಅವಕಾಶ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅಡಿಗಳ ಲೆಕ್ಕದಲ್ಲಿ ಬರೆದಿರುವ ಮಂತ್ರಗಳಿಗೆ ಮಾತ್ರ ಡಿಎಂ ಅಂದಾಜಿನಲ್ಲಿ ತೀರ್ಪು ಕೊಡಬೇಕಾಗುತ್ತದೆ.

ಗುಂಪಿನ ಅರ್ಧ ಜನ ಕೆಲಸಕ್ಕೆ ಬೆಂಗಳೂರು ಸೇರಿದ್ದರೆ ಆನ್‌ಲೈನ್ ಮೇಜು ಬೇಕಾಗುತ್ತದೆ. ರೋಲ್20 ಬ್ರೌಸರಿನಲ್ಲೇ ನಡೆಯುತ್ತದೆ, ಉಚಿತ ಖಾತೆಯಲ್ಲೂ ಆಡಬಹುದು. ಫೌಂಡ್ರಿಗೆ ಡಿಎಂ ಒಬ್ಬರು ಒಮ್ಮೆ ದುಡ್ಡು ಕೊಟ್ಟರೆ ಸಾಕು, ಆದರೆ ಅದನ್ನು ತಮ್ಮ ಕಂಪ್ಯೂಟರಿನಿಂದ ಅಥವಾ ಬಾಡಿಗೆ ಸರ್ವರಿನಿಂದ ನಡೆಸಬೇಕು. ಜುಲೈ ತಿಂಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಲಾಗದ ಊರಿನಲ್ಲಿದ್ದರೆ ಫೋನ್ ಕರೆಯಲ್ಲಿ ವಲಯಗಳೇ ವಾಸಿ. ನಾಲ್ಕು ಹೆಸರು ಯಾರಿಗಾದರೂ ನೆನಪಿರುತ್ತದೆ.

ಶತ್ರುಗಳು: ಹಲವರೋ, ಒಬ್ಬನೋ

2008ರ ನಾಲ್ಕನೇ ಆವೃತ್ತಿ ಒಂದು ಒಳ್ಳೆಯ ಉಪಾಯ ಕೊಟ್ಟಿತು, ಮಿನಿಯನ್. ಇವರಿಗೆ ಒಂದೇ ಹಿಟ್ ಪಾಯಿಂಟ್, ಇವರು ಕೊಡುವ ಪೆಟ್ಟಿಗೂ ದಾಳ ಬೇಡ, ಒಂದೇ ಅಂಕಿ. ನಮ್ಮ ಎಂಟು ದರೋಡೆಕೋರರನ್ನು ಹಾಗೆ ಮಾಡಿದರೆ ಆರು ರೌಂಡಿನ ಕಾಳಗ ಮೂರಕ್ಕೆ ಇಳಿಯುತ್ತದೆ. ಪ್ರತಿ ಏಟಿಗೂ ಒಬ್ಬ ಉರುಳುತ್ತಾನೆ, ಆಟಗಾರರಿಗೆ ತಾವು ವೀರರು ಅನ್ನಿಸುತ್ತದೆ. ಎಂಟರಲ್ಲಿ ಆರು ಜನ ಹೀಗಿದ್ದು, ಇಬ್ಬರು ಗಟ್ಟಿ ಆಳುಗಳಾದರೆ ಇನ್ನೂ ಚೆನ್ನ.

ಒಬ್ಬನೇ ದೊಡ್ಡ ಶತ್ರುವಿನ ಕಾಳಗ ಇದಕ್ಕಿಂತ ಕಷ್ಟ. ಐದು ಜನ ಹೊಡೆಯುವಷ್ಟರಲ್ಲಿ ಅವನಿಗೆ ಒಂದೇ ಸರದಿ. ಐದನೇ ಆವೃತ್ತಿ ಇದಕ್ಕೆ ಲೆಜೆಂಡರಿ ಆಕ್ಷನ್ ಇಟ್ಟಿದೆ. ಬೇರೆಯವರ ಸರದಿ ಮುಗಿದ ಕೂಡಲೇ ಅವನು ಏನಾದರೂ ಸಣ್ಣದೊಂದು ಮಾಡಬಹುದು, ಸಾಮಾನ್ಯವಾಗಿ ರೌಂಡಿಗೆ ಮೂರು. ಪುಸ್ತಕದಲ್ಲಿ ದೊಡ್ಡ ದೊಡ್ಡ ಡ್ರ್ಯಾಗನ್‌ಗಳಂಥ ಶತ್ರುಗಳಿಗೆ ಮಾತ್ರ ಇದೆ ಅಂತ ಬಿಡಬೇಡಿ. ಒಂದು ಕಾಡುಕೋಣಕ್ಕೂ ಕೊಡಿ. ಒಬ್ಬರ ಸರದಿ ಮುಗಿದಾಗ ತಿರುಗಿ ಕೊಂಬು ಬೀಸಲಿ, ಇನ್ನೊಬ್ಬರದು ಮುಗಿದಾಗ ಮೆಳೆಯೊಳಗೆ ನುಗ್ಗಲಿ. ಹಿಟ್ ಪಾಯಿಂಟ್ ಏರಿಸಿ ಕಾಳಗ ದೊಡ್ಡದು ಮಾಡುವುದು ಮಾತ್ರ ಬೇಡ. ನಿಮ್ಮ ಕಾಳಗ ಎಳೆದಂತೆ ಅನ್ನಿಸುತ್ತಿದ್ದರೆ ಶತ್ರುವಿನ ಹಿಟ್ ಪಾಯಿಂಟ್ ಅರ್ಧಕ್ಕೆ ಇಳಿಸಿ, ಅವನ ಪೆಟ್ಟನ್ನು ಒಂದೂವರೆ ಪಟ್ಟು ಮಾಡಿ. ಬೇಗ ಮುಗಿಯುತ್ತದೆ, ಭಯವೂ ಇರುತ್ತದೆ.

2013ರ ಥರ್ಟೀನ್ತ್ ಏಜ್ ಆಟದ ಒಂದು ಸಣ್ಣ ನಿಯಮವನ್ನೂ ಎರವಲು ತರಬಹುದು. ಎರಡನೇ ರೌಂಡಿನಿಂದ ಮೇಜಿನ ನಡುವೆ ಆರು ಮುಖದ ದಾಳ ಒಂದನ್ನು 1 ಮೇಲೆ ಮಾಡಿ ಇಡುತ್ತಾರೆ. ರೌಂಡ್ ಕಳೆದಂತೆ ಅದು 6ರವರೆಗೆ ಏರುತ್ತದೆ. ಆಟಗಾರರು ಹೊಡೆಯಲು ಹಾಕುವ ಪ್ರತಿ ದಾಳಕ್ಕೂ ಆ ಅಂಕಿ ಸೇರುತ್ತದೆ. ಕಾಳಗ ಎಳೆಯಲು ಅದು ಬಿಡುವುದಿಲ್ಲ.

ಮಾತು

ಯಕ್ಷಗಾನ ನೋಡಿ ಬೆಳೆದವರಿಗೆ ಕಾಳಗದ ಮಾತು ಅಂದರೇನು ಅಂತ ಗೊತ್ತು. ಎದುರಾಳಿಗಳು ರಂಗಕ್ಕೆ ಬಂದ ಕೂಡಲೇ ಬಾಣ ಹೂಡುವುದಿಲ್ಲ. ನೀನು ಯಾರು, ಯಾಕೆ ಬಂದೆ, ನಿನ್ನ ನ್ಯಾಯ ಏನು ಅಂತ ವಾದ ನಡೆಯುತ್ತದೆ. ಆಮೇಲೆ ಚಂಡೆ ಏರುತ್ತದೆ, ಏಟು ಬೀಳುತ್ತದೆ. ಆಟದ ಮೇಜಿನಲ್ಲೂ ದರೋಡೆಕೋರರ ನಾಯಕ ಮಾತಾಡಲಿ. "ಈ ಮೆಣಸು ಬೆಳೆದದ್ದು ನಮ್ಮ ಹಕ್ಕಲಿನಲ್ಲಿ. ಲೆಕ್ಕ ಬರೆದವನು ನಿಮ್ಮ ಧಣಿ" ಅಂತ ಅವನು ಸಂಕದ ಆಚೆಯಿಂದ ಕೂಗಿದರೆ ಆಟಗಾರರ ಕತ್ತಿ ಒಂದು ಕ್ಷಣ ತಡೆಯುತ್ತದೆ. ಧೈರ್ಯದ ಪರೀಕ್ಷೆಗೂ ಇದು ಜೊತೆಯಾಗುತ್ತದೆ, ಮಾತಾಡಿದ ಶತ್ರು ಶರಣಾದರೆ ಅವನಿಗೊಂದು ಮುಖ ಇರುತ್ತದೆ.

ಪ್ರತಿ ಏಟನ್ನೂ ವರ್ಣಿಸಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಏಟು, ಕೊನೆಯ ಏಟು, ದಾಳದಲ್ಲಿ 20 ಅಥವಾ 1 ಬಿದ್ದ ಏಟು, ಇಷ್ಟು ಸಾಕು. ಉಳಿದದ್ದಕ್ಕೆ "ತಾಗಿತು, ಎಂಟು" ಅಂದು ಮುಂದೆ ಹೋಗಿ.

ಆಟವನ್ನೇ ಬದಲಿಸುವುದು

ಇದು ಕೊನೆಯ ದಾರಿ, ಯಾಕೆಂದರೆ ಎಲ್ಲರೂ ಹೊಸದಾಗಿ ಕಲಿಯಬೇಕು. ಆದರೂ ಕೆಲವು ಮೇಜುಗಳಿಗೆ ಇದೇ ಸರಿ.

ಕಾಳಗದ ಲೆಕ್ಕಾಚಾರವೇ ಇಷ್ಟ, ಆಯ್ಕೆ ಜಾಸ್ತಿ ಬೇಕು ಅನ್ನುವವರಿಗೆ 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ. ಪ್ರತಿ ಸರದಿಗೆ ಮೂರು ಕೆಲಸ. ಮೂರನ್ನೂ ಹೊಡೆಯಲು ಬಳಸಬಹುದು, ಆದರೆ ಸಾಮಾನ್ಯವಾಗಿ ಎರಡನೇ ಏಟಿಗೆ 5, ಮೂರನೆಯದಕ್ಕೆ 10 ಕಳೆಯಬೇಕು. ಹಾಗಾಗಿ ಮೂರನೇ ಕೆಲಸವನ್ನು ಗುರಾಣಿ ಎತ್ತಲು, ಜಾಗ ಬದಲಿಸಲು, ಶತ್ರುವನ್ನು ಹೆದರಿಸಲು ಬಳಸುವುದೇ ಲಾಭ. "ಮತ್ತೆ ಹೊಡೀತೀನಿ" ಅನ್ನುವ ಬೇಸರ ತಾನಾಗಿಯೇ ಕಮ್ಮಿಯಾಗುತ್ತದೆ. ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೀಥಿಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಓದುವುದು ಬೇಕಾದಷ್ಟಿದೆ. ಪುಸ್ತಕ ಓದಲು ಬೇಸರಪಡುವ ಗುಂಪಿಗೆ ಇದು ಬೇಡ.

ಕಾಳಗ ಚಿಕ್ಕದಾಗಿರಲಿ, ಭಯ ಇರಲಿ, ಕಾಡಿನ ಅಲೆದಾಟವೇ ಮುಖ್ಯ ಅನ್ನುವವರಿಗೆ 2020ರ ಕೇರ್ನ್. ಇದರಲ್ಲಿ ಏಟು ತಪ್ಪುವುದೇ ಇಲ್ಲ. ಆಯುಧದ ದಾಳ ಹಾಕಿ, ಎದುರಾಳಿಯ ಕವಚದ ಅಂಕಿ ಕಳೆದು, ಉಳಿದಷ್ಟು ಪೆಟ್ಟು. ಹೊಸ ಪಾತ್ರಕ್ಕೆ ತಡೆದುಕೊಳ್ಳುವ ಶಕ್ತಿ ಒಂದು ಆರು ಮುಖದ ದಾಳದಷ್ಟು ಮಾತ್ರ. ಅದು ಮುಗಿದರೆ ಏಟು ನೇರ ದೇಹಬಲಕ್ಕೆ. ಎರಡು ಮೂರು ರೌಂಡಿನಲ್ಲಿ ಕಾಳಗ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಆಟಗಾರರು ಹೊಡೆಯುವ ಮೊದಲು ಹೊಂಚು ಹಾಕುತ್ತಾರೆ, ಮಾತಾಡುತ್ತಾರೆ, ಸುತ್ತು ಬಳಸಿ ಹೋಗುತ್ತಾರೆ. ನಿಗೂಢ ಕಾಡಿನ ಸುತ್ತ ಕಟ್ಟಿರುವ ಆಟ ಇದು, ನಮ್ಮ ಕಾನು, ಕಣಿವೆಗಳಿಗೆ ಸುಲಭವಾಗಿ ಒಗ್ಗುತ್ತದೆ. ನಿಯಮಗಳು ಉಚಿತ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ತಮ್ಮ ಪಾತ್ರ ಸತ್ತರೆ ತುಂಬಾ ನೊಂದುಕೊಳ್ಳುವವರಿದ್ದರೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಯಾವುದಕ್ಕೆ ಹೋದರೂ ಹೊಸ ಕ್ಯಾಂಪೇನಿಗೆ ಕೈಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗುಂಪು ಈಗಾಗಲೇ ಆಡಿರುವ ಒಂದು ಕಾಳಗವನ್ನೇ, ಅದೇ ಜಾಗ, ಅದೇ ಶತ್ರುಗಳು, ಅದೇ ಪಾತ್ರಗಳನ್ನು ಇಟ್ಟುಕೊಂಡು ಹೊಸ ನಿಯಮದಲ್ಲಿ ಇನ್ನೊಮ್ಮೆ ಆಡಿ. ಆಗ ಕಾಣುವ ವ್ಯತ್ಯಾಸ ನಿಯಮದ್ದೇ ಆಗಿರುತ್ತದೆ. ಫೋನ್ ತೆಗೆದವರು ಎಷ್ಟು ಜನ ಅಂತ ಗಮನಿಸಿ, ಆಮೇಲೆ ಪುಸ್ತಕ ಕೊಳ್ಳುವ ಮಾತಾಡಿ.